ನೂರೆಂಟು ಒತ್ತಿದವಳು

"ಒತ್ತಬ್ಯಾಡ ರತ್ನಾ. ಖರೇನ ಹತ್ತಿತಂದ್ರ ಪೊಲೀಸ್ರು ಇಲ್ಲಿಗೇ ಬರ್ತಾರ."

ಪಂಚಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಗೋಗರೆದ. ಕಾರು ದೋಹಾದ ಅಲ್ ಮನ್ಸೂರಾದ ಒಂದು ಓಣಿಯಲ್ಲಿ, ದೋಸೆಯ ವಾಸನೆ ಹೊಡೆಯುವ ಹೋಟೆಲೊಂದರ ಹಿಂದೆ ನಿಂತಿತ್ತು. ಅವನ ಫೋನು ಹೆಂಡತಿಯ ಕೈಯಲ್ಲಿತ್ತು. ನಾಗರತ್ನಾ ಅದರ ಲಾಕ್ ತೆಗೆಯುವ ಗೋಜಿಗೇ ಹೋಗಲಿಲ್ಲ. ಪರದೆಯ ಕೆಳಗೆ ಎಮರ್ಜೆನ್ಸಿ ಅಂತ ಇದ್ದಲ್ಲಿ ಮುಟ್ಟಿದಳು, ಅಂಕಿಗಳು ಬಂದವು, ಒಂದು ಸೊನ್ನೆ ಎಂಟು ಒತ್ತಿ ಹಸಿರು ಗುಂಡಿ ಅದುಮಿಯೇ ಬಿಟ್ಟಳು.

ಫೋನು ಒಪ್ಪಲಿಲ್ಲ. ಇದು ತುರ್ತು ನಂಬರು ಅಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ಸುಮ್ಮನಾಯಿತು.

"ನೋಡ್ರಿ," ಎಂದಳು ನಾಗರತ್ನಾ. "ಆಕಿಗೂ ಹಿಂಗ ಆಗೈತಿ."

ಆಕೆ ಅಂದರೆ ಯಾರು ಅನ್ನುವುದೇ ಈಗ ಎಲ್ಲರ ತಲೆನೋವು. ಮೊನ್ನೆ ಶುಕ್ರವಾರ, ಜುಮ್ಮಾ ನಮಾಜಿನ ಹೊತ್ತಿನಲ್ಲಿ, ಇದೇ ಓಣಿಯ ಕಟ್ಟಡದ ಮೆಟ್ಟಿಲ ಮೇಲೆ ಸುಶಾಂತ್ ಎಂಬ ಹುಡುಗ ತಲೆ ಒಡೆದುಕೊಂಡು ಬಿದ್ದಿದ್ದ. ಅವನದೇ ಲಾಕ್ ಆದ ಫೋನಿನಿಂದ ಯಾವಳೋ ಹೆಂಗಸು ಆಂಬ್ಯುಲೆನ್ಸ್ ಕರೆಸಿ ಮಾಯವಾಗಿದ್ದಳು. ಬೆಳಿಗ್ಗೆ ಅವನ ಜೊತೆ ಕುಕ್ಕರ್ ತೊಳೆಯುವ ವಿಷಯಕ್ಕೆ ಜಗಳವಾಡಿದ್ದ ರೂಮ್‌ಮೇಟ್ ಲತೇಶನನ್ನು ಪೊಲೀಸರು ಒಯ್ದು ಕೂರಿಸಿದ್ದರು.

ನಾಗರತ್ನಾ ಒಂದು ಕಾಲಕ್ಕೆ ಧಾರವಾಡದ ಮಹಿಳಾ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳು. ಗಂಡನ ಜೊತೆ ಇರಬೇಕೆಂದು ಲಾಠಿ ಬಿಟ್ಟು ಕತಾರಿಗೆ ಬಂದಳು. ಲಾಠಿ ಬಿಟ್ಟಳೇ ಹೊರತು ಚಾಳಿ ಬಿಡಲಿಲ್ಲ. ದೋಹಾದ ಕನ್ನಡದವರಿಗೆ ಏನು ಕಳೆದರೂ, ಯಾರು ಸಿಕ್ಕಿಬಿದ್ದರೂ ಮೊದಲು ನೆನಪಾಗುವುದು ಅವಳೇ. ಆಮೇಲೆ ನೆನಪಾಗುವುದು ಅವಳನ್ನು ಅಲ್ಲಿ ಇಲ್ಲಿ ಕರೆದೊಯ್ಯುವ ಪಂಚಪ್ಪ. ಪಾಪ, ಗ್ಯಾಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನನ್ನು ಅವಳು ಇವತ್ತು ಮಲಗಲೂ ಬಿಟ್ಟಿರಲಿಲ್ಲ.

ಕಟ್ಟಡದ ವಾಚ್‌ಮನ್ ಝಕರಿಯಾನನ್ನು ಈಗಷ್ಟೇ ಮಾತಾಡಿಸಿ ಬಂದಿದ್ದಳು. ಮಸೀದಿಯಿಂದ ವಾಪಸು ಬರುವಾಗ ಗೇಟಿನ ಹತ್ತಿರ ಒಬ್ಬ ಹೆಂಗಸು ಎದುರಾದಳಂತೆ. ತಲೆಗೆ ಶಾಲು, ಮುಖಕ್ಕೆ ಮಾಸ್ಕು, ಕೈಯಲ್ಲೊಂದು ಫೋನು. ಹರಕುಮುರುಕು ಹಿಂದಿಯಲ್ಲಿ, ನೂರೆಂಟು ಹೋಗುತ್ತಿಲ್ಲ, ಇಲ್ಲಿ ಎಷ್ಟು ಒತ್ತಬೇಕು ಎಂದು ಕೇಳಿದಳಂತೆ. ಅವನು ಒಂಬತ್ತು ಒಂಬತ್ತು ಒಂಬತ್ತು ಎಂದ. ಆಪರೇಟರಿಗೆ ಅವಳ ಮಾತು ತಿಳಿಯದೆ ಹೋದಾಗ ವಿಳಾಸ ಹೇಳಿದವನೂ ಅವನೇ. ಹೇಳಿ ಮೇಲಕ್ಕೆ ಓಡಿದ, ಅವಳೂ ಹಿಂದೆಯೇ ಬಂದು ಫೋನನ್ನು ಹುಡುಗನ ಪಕ್ಕದಲ್ಲಿಟ್ಟಳು. ಸೈರನ್ ಕೇಳಿದ ಮೇಲೆ ನೋಡಿದರೆ ಅವಳಿಲ್ಲ.

ಇದನ್ನೆಲ್ಲ ಪೊಲೀಸರಿಗೆ ಯಾಕೆ ಹೇಳಲಿಲ್ಲವೋ ಎಂದರೆ ಝಕರಿಯಾ ಮುಗ್ಧವಾಗಿ ನಕ್ಕ. ಅವರು ಅವಳ ಮುಖ ಹೇಗಿತ್ತು ಅಂತ ಕೇಳಿದರು, ಮುಖ ಕಂಡಿಲ್ಲ ಅಂದೆ, ಖಲಾಸ್. ಅವಳು ಏನು ಕೇಳಿದಳು ಅಂತ ಯಾರೂ ಕೇಳಲೇ ಇಲ್ಲವಲ್ಲ.

"ನಮ್ಮ ದೇಶದಾಕಿ ಅಂತಾತು," ಎಂದ ಪಂಚಪ್ಪ ಆಕಳಿಸುತ್ತ. "ಈ ಊರಾಗ ನಮ್ಮ ದೇಶದವರು ಎಷ್ಟು ಮಂದಿ ಅದಾರ, ಅಷ್ಟೂ ಮನಿ ಹೊಕ್ಕು ಬರೂಣೇನು?"

"ಎಲ್ಲಾ ಮನಿ ಯಾಕ್ರಿ? ನಿಮ್ಮನ್ನ ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಒಂಬತ್ತು ಅಂತೀರಿ. ಇಲ್ಲಿ ಇದ್ದವರು ಯಾರೂ ನೂರೆಂಟು ಒತ್ತೂದಿಲ್ಲ. ಈಕಿ ಈಗ ಈಗ ಊರಿಂದ ಬಂದಾಕಿ."

ಇನ್ನೂ ಒಂದು ಮಾತಿತ್ತು. ಅವಳು ಬಿದ್ದವನ ಫೋನನ್ನೇ ಯಾಕೆ ಎತ್ತಿಕೊಂಡಳು, ತನ್ನ ಫೋನು ಎಲ್ಲಿತ್ತು? ವಿಸಿಟ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರ ಫೋನಿನ ಪಾಡು ಗಲ್ಫಿನಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ. ಮನೆಯ ವೈಫೈ ಇರುವವರೆಗೆ ಅದಕ್ಕೆ ಜೀವ. ಹೊಸ್ತಿಲು ದಾಟಿದರೆ ಅದು ಬರೀ ಟಾರ್ಚು. ತುರ್ತು ಕರೆಗೆ ವೈಫೈಯೂ ಬೇಡ, ರೀಚಾರ್ಜೂ ಬೇಡ ಎಂದು ಆ ಹಿರಿಯರಿಗೆ ಯಾರಾದರೂ ಹೇಳಿಕೊಟ್ಟಿರುತ್ತಾರೆಯೇ? ಬಂದ ದಿನ ವೈಫೈ ಪಾಸ್‌ವರ್ಡ್ ಹಾಕಿಕೊಟ್ಟರೆ ಮಕ್ಕಳ ಕರ್ತವ್ಯ ಮುಗಿಯಿತು.

ಅಷ್ಟರಲ್ಲಿ ನಾಗರತ್ನಾಳ ಫೋನು ರಿಂಗಾಯಿತು. ಗ್ರೀಷ್ಮಾ. ಸುಶಾಂತನನ್ನು ಸೇರಿಸಿದ ಆಸ್ಪತ್ರೆಯಲ್ಲೇ ಅವಳು ನರ್ಸು, ಲತೇಶನಿಗೆ ನಿಶ್ಚಯವಾಗಿದ್ದ ಹುಡುಗಿ. ಬರುವ ತಿಂಗಳು ಸುರತ್ಕಲ್ಲಿನಲ್ಲಿ ಅವರ ಮದುವೆ. ತನ್ನ ಹುಡುಗ ಯಾರನ್ನು ತಳ್ಳಿ ಬೀಳಿಸಿದ ಎಂದು ಊರೆಲ್ಲ ಹೇಳುತ್ತಿದೆಯೋ ಅವನಿಗೇ ಆ ಹುಡುಗಿ ದಿನವೂ ಡ್ರಿಪ್ ಬದಲಿಸಿ ಮುಖ ಒರೆಸುತ್ತಿದ್ದಳು.

ಲತೇಶನ ಕಂಪೆನಿಯವರು ಠಾಣೆಗೆ ಹೋಗಿ ಬಂದರಂತೆ. ಆ ಹೆಂಗಸು ಬಂದು ಕಂಡದ್ದನ್ನು ಹೇಳದಿದ್ದರೆ ಕೇಸು ಮುಂದಕ್ಕೆ ಹೋಗುವುದು ಖಂಡಿತ ಎಂದು ಪೊಲೀಸರು ಅಂದರಂತೆ. ಹೋದರೆ ಮದುವೆಯ ಮಾತು ಬಿಡಿ, ಅವನು ಹೊರಗೆ ಬರುವುದು ಯಾವ ಕಾಲಕ್ಕೋ.

"ಅಕ್ಕ, ನಾನು ಇವನ ಕಿವಿಯಲ್ಲಿ ದಿನಾ ಹೇಳ್ತೇನೆ. ಏಳು ಮಾರಾಯ, ನೀನು ಎದ್ದು ಒಂದು ಮಾತು ಹೇಳಿದ್ರೆ ನನ್ನವ ಮನೆಗೆ ಬರ್ತಾನೆ ಅಂತ. ಇವ ಕಣ್ಣೇ ಬಿಡುವುದಿಲ್ಲ."

ಇನ್ನೊಂದು ಸಂಗತಿಯನ್ನು ಅವಳು ಹೇಳಲೋ ಬೇಡವೋ ಎಂಬಂತೆ ಹೇಳಿದಳು. ಸುಶಾಂತನ ಬಲಗೈ ಮುಷ್ಟಿ ಬಂದ ದಿನದಿಂದ ಬಿಗಿದೇ ಇತ್ತು. ಬಿಡಿಸಲು ಹೋದರೆ ಪ್ರಜ್ಞೆಯಿಲ್ಲದವನು ಇನ್ನಷ್ಟು ಬಿಗಿ ಮಾಡುತ್ತಿದ್ದ. ಇವತ್ತು ಬೆಳಿಗ್ಗೆ ಮೈ ಒರೆಸುವಾಗ ಬೆರಳು ತಾನಾಗಿ ಸಡಿಲವಾಯಿತು. ಒಳಗೆ ಒಂದು ಕಪ್ಪು ದಾರ, ಅದಕ್ಕೆ ಪೋಣಿಸಿದ ಒಂದು ಪುಟ್ಟ ಬೆಳ್ಳಿ ಗುಂಡು. ಕೈಗೆ ಕಟ್ಟಿಕೊಳ್ಳುವ ದಾರವಾದರೆ ಉದ್ದವಾಯಿತು, ದೊಡ್ಡವರ ಸೊಂಟಕ್ಕಾದರೆ ಎಲ್ಲಿಯೂ ಸಾಲದು.

ನಾಗರತ್ನಾ ಫೋನಿಟ್ಟು ಗಂಡನ ಕಡೆ ತಿರುಗಿದಳು. "ಕೂಸಿನ ಉಡದಾರ ಅದು. ಸುಶಾಂತನ ಅಕ್ಕ ಮೋಕ್ಷಾ ಹಡೆದಾಳಲ್ರೀ. ಆಕಿ ಅತ್ತಿ ಊರಿಂದ ಬಾಣಂತನಕ್ಕ ಬಂದಾರ. ಯಲ್ಲಾ, ನಡೀರಿ, ಬಿನ್ ಒಮ್ರಾನಿನ ಅವರ ಮನೀಗೆ ಗಾಡಿ ಬಿಡ್ರಿ."

ಹಿಂದಿನ ಸೀಟಿನಲ್ಲಿ ಬಾಣಂತಿಗೆಂದು ಮಾಡಿದ ಅಂಟಿನುಂಡೆಯ ಡಬ್ಬಿ ಆಗಲೇ ಕೂತಿತ್ತು. ಪಂಚಪ್ಪ ಅದನ್ನು ಕನ್ನಡಿಯಲ್ಲಿ ನೋಡಿದ. ಈ ಹೆಂಗಸಿಗೆ ಮನೆ ಬಿಡುವಾಗಲೇ ಅನುಮಾನವಿತ್ತು, ತನ್ನ ಬಾಯಿಂದ ಹೌದು ಅನ್ನಿಸಿಕೊಳ್ಳಲು ಇಷ್ಟು ಸುತ್ತಿಸಿದಳು ಎಂದು ಗೊತ್ತಾಗಿ, ಮೂಗಿನಲ್ಲೇ ನಕ್ಕು ಗಾಡಿ ತಿರುಗಿಸಿದ.

*

ಬಾಗಿಲು ತೆರೆದವಳು ಮೋಕ್ಷಾಳ ಅತ್ತೆ ಚೆನ್ನು. ಸಣ್ಣ ಮೈಕಟ್ಟು, ಬಿಗಿಯಾದ ಬಿಳಿಗೂದಲ ಗಂಟು, ಎಣ್ಣೆಯ ಕೈ. ಮಗ ಪೃಥ್ವಿರಾಜ್ ಆಫೀಸಿಗೆ ಹೋಗಿದ್ದಾನೆ, ಬಾಣಂತಿ ಒಳಗಿದ್ದಾಳೆ, ಬನ್ನಿ ಕುಳಿತುಕೊಳ್ಳಿ ಎಂದು ಒಂದೇ ಉಸಿರಿಗೆ ಹೇಳಿ ಅಡುಗೆಮನೆಗೆ ಹೋದಳು. ನೀರು ತಂದುಕೊಡುವಾಗ ಅವಳು ನಾಗರತ್ನಾಳ ಮುಖ ನೋಡಲಿಲ್ಲ. ಹಜಾರದಲ್ಲಿ ಏಸಿ ತಣ್ಣಗೆ ಹೊಡೆಯುತ್ತಿತ್ತು. ಯಾರಾದರೂ ಬಂದರೆ ಕೆಮ್ಮಿ ಸೂಚನೆ ಕೊಡಬೇಕೆಂದು ನಾಗರತ್ನಾ ಕಣ್ಣಲ್ಲೇ ಹೇಳಿದಳು. ಆಯಿತೆಂದು ಪಂಚಪ್ಪ ಸೋಫಾಕ್ಕೆ ಒರಗಿದ.

ಒಳಗಿನ ಕೋಣೆಯದು ಬೇರೆಯೇ ಹವೆ. ಬಾಣಂತಿಗೆ ತಂಡಿಯಾಗಬಾರದೆಂದು ದೋಹಾದ ಬೇಸಿಗೆಯಲ್ಲೂ ಅತ್ತೆ ಏಸಿ ಬಂದ್ ಮಾಡಿಸಿದ್ದಳು. ಮೋಕ್ಷಾ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡು, ಬೆವರುತ್ತ ಮಗುವಿನ ಪಕ್ಕ ಒರಗಿದ್ದಳು. ಕಣ್ಣು ಊದಿತ್ತು. ಬಂದವರು ಕೂರುವ ಮೊದಲೇ ಕೇಳಿದಳು.

"ನಾಗರತ್ನಕ್ಕ, ತಮ್ಮ ಕಣ್ಣು ಬಿಟ್ಟನಾ?"

ಇಲ್ಲ ಎನ್ನಬೇಕಾಯಿತು. ಮೋಕ್ಷಾ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬಾಣಂತಿ ಅಳಬಾರದಂತೆ, ಹೊರಗೆ ಹೋಗಬಾರದಂತೆ, ಆಸ್ಪತ್ರೆಯ ಮೆಟ್ಟಿಲು ಹತ್ತಬಾರದಂತೆ. ತಮ್ಮನನ್ನು ನೋಡಿ ಬನ್ನಿ ಎಂದು ಗಂಡನ ಕಾಲು ಹಿಡಿಯುವುದೊಂದು ಬಾಕಿ ಎಂದಳು. ಜಾರಿ ಬಿದ್ದದ್ದು, ಗುಣವಾಗ್ತಾನೆ ಬಿಡು ಎಂದಷ್ಟೇ ಹೇಳಿ ಅವರು ಎದ್ದು ಹೋಗುತ್ತಾರೆ. ರಾತ್ರಿ ಊಟವನ್ನೂ ಸರಿಯಾಗಿ ಮಾಡುವುದಿಲ್ಲ.

ಸುಶಾಂತನನ್ನು ಕತಾರಿಗೆ ಕರೆಸಿದವನೇ ಪೃಥ್ವಿರಾಜ್. ತನ್ನ ಆಫೀಸಿನಲ್ಲೇ ಕೆಲಸ ಕೊಡಿಸಿದ, ಮನೆಯಲ್ಲೇ ಇಟ್ಟುಕೊಂಡ. ಹುಡುಗ ಒಂದು ದಿನ ಭಾವನಿಗೂ ಹೇಳದೆ ಎದುರಾಳಿ ಕಂಪೆನಿಗೆ ಹೋಗಿ ಸೇರಿಕೊಂಡ. ಬಾಸಿನ ಮುಂದೆ ತನ್ನ ಮರ್ಯಾದೆ ಹೋಯಿತೆಂದು ಪೃಥ್ವಿರಾಜ್ ಕೆರಳಿ, ಇನ್ನು ಆ ಹೆಸರು ಈ ಮನೆಯಲ್ಲಿ ಬೇಡ ಎಂದುಬಿಟ್ಟ. ಮಗುವನ್ನು ತೊಟ್ಟಿಲಿಗೆ ಹಾಕಿದ ದಿನವೂ ಸೋದರಮಾವನನ್ನು ಕರೆಯಲಿಲ್ಲ.

"ನಮ್ಮಲ್ಲಿ ಮಗುವಿನ ಸೊಂಟಕ್ಕೆ ಮೊದಲ ನೂಲು ಸೋದರಮಾವನೇ ಕಟ್ಟಬೇಕಕ್ಕ," ಎಂದು ಮೋಕ್ಷಾ ಮಗುವಿನ ಬಟ್ಟೆ ಸರಿಸಿ ತೋರಿಸಿದಳು. ಸೊಂಟ ಬರಿದಾಗಿತ್ತು. "ಮಾಮಿ ಊರಿನಿಂದ ನೂಲು ತಂದಿದ್ರು, ಬೆಳ್ಳಿ ಗುಂಡು ಹಾಕಿಸಿ. ಈಗ ಕೇಳಿದ್ರೆ ಎಲ್ಲೋ ಇಟ್ಟು ಮರೆತಿದ್ದೇನೆ ಅಂತಾರೆ. ಮಾಮಿ ಯಾವುದನ್ನೂ ಮರೆಯುವವರಲ್ಲ."

ಮಾಮಿ ಅಂದರೆ ಅತ್ತೆ. ಅಷ್ಟರಲ್ಲಿ ಆ ಮಾಮಿಯೇ ಎಣ್ಣೆ ಬಟ್ಟಲು ಹಿಡಿದು ಬಂದಳು. ಮಗುವಿನ ಸ್ನಾನದ ಹೊತ್ತು. ದಿನವೂ ನೀರು ಹೊಯ್ಯುವುದು ಮೋಕ್ಷಾ. ಇವತ್ತು ನೀ ಮಲಗವ್ವ, ನಾ ನೀರು ಹಾಕ್ತೀನಿ ಎಂದು ನಾಗರತ್ನಾ ಸೀರೆ ಎತ್ತಿ ಕಟ್ಟಿದಳು. ಚೆನ್ನು ಬೇಡವೆನ್ನಲು ಬಾಯಿ ತೆರೆದಳು, ಬೇಡವೆನ್ನಲು ಕಾರಣ ಹೊಳೆಯಲಿಲ್ಲ.

*

ಬಚ್ಚಲಿನಲ್ಲಿ ಚೆನ್ನು ಮಣೆಯ ಮೇಲೆ ಕಾಲು ನೀಡಿ ಕುಳಿತು, ಮಗುವನ್ನು ಕಾಲುಗಳ ಮೇಲೆ ಬೋರಲಾಗಿ ಮಲಗಿಸಿಕೊಂಡಳು. ಮಗುವಿನ ಬೆನ್ನ ಮೇಲೆ ಅವಳ ಕೈ ಓಡಾಡುವುದನ್ನು ನೋಡುವುದೇ ಒಂದು ಚೆಂದ. ಇಲ್ಲಿ ಹಂಡೆಗೆ ಬೆಂಕಿ ಹಾಕುವ ಕೆಲಸವಿಲ್ಲ, ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುತ್ತದೆ ಎಂದು ನಕ್ಕಳು.

ನಾಗರತ್ನಾ ಚೊಂಬಿನಿಂದ ನೀರು ಹನಿಸುತ್ತ ಕೇಳಿದಳು. "ಅವ್ವಾರ, ಊರಾಗ ಯಾರಿಗರ ಆರಾಮ ತಪ್ಪಿದ್ರ ಯಾವ ನಂಬರಿಗೆ ಹಚ್ತೀರಿ?"

"ನೂರೆಂಟು. ಎಲ್ಲರಿಗೂ ಗೊತ್ತುಂಟಲ್ಲ."

"ಇಲ್ಲಿ ಅದು ಹತ್ತೂದಿಲ್ಲ."

"ಹೌದು," ಎಂದಳು ಚೆನ್ನು. ಅಂದ ಮೇಲೆ ಗೊತ್ತಾಯಿತು, ಹೌದೆನ್ನಬಾರದಿತ್ತು ಎಂದು.

ಆದರೂ ಕೈ ನಿಲ್ಲಲಿಲ್ಲ. ಹೆಸರಿನ ಹಿಟ್ಟು ಹಚ್ಚಿ ಮಗುವಿನ ತೋಳು ತಿಕ್ಕಿದಳು, ಕಂಕುಳು ತೊಳೆದಳು, ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದಳು. ನಾಗರತ್ನಾ ಕಾದಳು. ಠಾಣೆಯಲ್ಲಿ ಅವಳು ಕಲಿತ ದೊಡ್ಡ ವಿದ್ಯೆಯೆಂದರೆ ಅದೇ, ಸುಮ್ಮನೆ ಕಾಯುವುದು. ಆದರೆ ಇಂಥ ಹೆಂಗಸಿನ ಎದುರು ಆ ವಿದ್ಯೆ ಹೂಡಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಿಮ್ಮನ್ನ ಹಿಡಕೊಡಾಕ ಬಂದಿಲ್ರಿ ನಾ. ಆ ಹುಡುಗನ ಮುಷ್ಟ್ಯಾಗ ಕರಿ ದಾರ ಇತ್ತಂತ. ಎಚ್ಚರಿಲ್ಲಂದ್ರೂ ಇವತ್ತಿನ ತನಕ ಬಿಟ್ಟಿರಲಿಲ್ಲಂತ."

ಆಗ ಚೆನ್ನುವಿನ ಕೈ ನಿಂತಿತು.

"ಬಿಟ್ಟಿರಲಿಲ್ವಾ?" ಎಂದಳು. ಕಣ್ಣಿನಿಂದ ನೀರು ಇಳಿಯಿತು. ಎಣ್ಣೆಯ ಕೈಯಿಂದ ಒರೆಸಿಕೊಳ್ಳುವ ಹಾಗಿರಲಿಲ್ಲ, ನಾಗರತ್ನಾ ತನ್ನ ಸೆರಗಿನಿಂದ ಒರೆಸಿದಳು.

ಆಮೇಲೆ ಚೆನ್ನು ಹೇಳಿದ್ದು ಸಣ್ಣ ದನಿಯಲ್ಲಿ, ಮಗುವಿನ ಮುಖ ನೋಡುತ್ತಲೇ. ಸೊಸೆ ತಮ್ಮನ ಹೆಸರು ಹೇಳಿ ರಾತ್ರಿ ದಿಂಬು ಕಚ್ಚಿ ಅಳುವುದು ಅವಳಿಗೆ ಕೇಳುತ್ತಿತ್ತು. ಮಗನಿಗೆ ಹೇಳಿ ಪ್ರಯೋಜನವಿರಲಿಲ್ಲ. ಶುಕ್ರವಾರ ಅವನು ಕ್ರಿಕೆಟ್ ಆಡಲು ಹೋಗುತ್ತಾನೆ, ಮೋಕ್ಷಾ ಊಟ ಮಾಡಿ ಮಲಗುತ್ತಾಳೆ. ದಿನಸಿ ತಂದುಕೊಡುವ ಇಮ್ತಿಯಾಝ್ ಮಂಗಳೂರು ಕಡೆಯ ಬ್ಯಾರಿ ಹುಡುಗ, ತುಳುವಿನಲ್ಲಿ ಕೇಳಿದರೆ ಇಲ್ಲ ಎನ್ನುವವನಲ್ಲ. ಅವನ ವ್ಯಾನಿನಲ್ಲಿ ಕೂತು ಶುಕ್ರವಾರ ಶುಕ್ರವಾರ ಅವಳು ಅಲ್ ಮನ್ಸೂರಾಕ್ಕೆ ಹೋಗಿ ಬರುತ್ತಿದ್ದಳು. ನೀರುದೋಸೆ, ಕೋಳಿ ಸುಕ್ಕ ಕಟ್ಟಿಕೊಂಡು ಹೋಗಿ, ಸುಶಾಂತ ತಿನ್ನುವುದನ್ನು ನೋಡಿ, ಮಗು ಹೇಗೆ ನಗುತ್ತದೆ ಹೇಗೆ ಅಳುತ್ತದೆ ಎಂದು ಅವನಿಗೆ ಹೇಳಿ ಬರುವುದು. ಬಾಯಿ ತಪ್ಪಿ ಗಂಡನ ಹತ್ತಿರ ಹೇಳಿಯಾಳು ಎಂದು ಸೊಸೆಗೂ ತಿಳಿಸಿರಲಿಲ್ಲ.

ಮೊನ್ನೆ ನೂಲನ್ನೂ ಒಯ್ದಿದ್ದಳು. ಮಾವ ಬಂದು ಕಟ್ಟುವ ಹಾಗಿಲ್ಲ, ಅವನ ಕೈಯಿಂದ ಗಂಟು ಹಾಕಿಸಿಕೊಂಡು ಬಂದು ತಾನೇ ಮಗುವಿಗೆ ತೊಡಿಸುವುದು ಎಂದು ಅವಳ ಲೆಕ್ಕ. ಸುಶಾಂತ್ ನೂಲನ್ನು ಅಂಗೈಯಲ್ಲಿ ಇಟ್ಟುಕೊಂಡು, ಇಷ್ಟೇನಾ ಸೊಂಟ, ಇಷ್ಟೇ ಇಷ್ಟಾ ಎಂದು ನಕ್ಕನಂತೆ. ಲತೇಶ ಎಂದಿನ ಶುಕ್ರವಾರದಂತೆ ಮನೆಯಲ್ಲಿರಲಿಲ್ಲ, ಮೀನು ತರಲು ಹೋಗಿದ್ದ. ಅಮ್ಮ ಬಿಸಿಲಲ್ಲಿ ಬಂದಿದ್ದೀರಿ, ಕೆಳಗಿನಿಂದ ಎಳನೀರು ತರುತ್ತೇನೆ ಎಂದು ಹುಡುಗ ನೂಲು ಹಿಡಿದೇ ಹೊರಟ. ಲಿಫ್ಟು ಕೆಟ್ಟಿತ್ತು, ಮೆಟ್ಟಿಲಿಳಿದ. ಸ್ವಲ್ಪ ಹೊತ್ತಿಗೆ ಏರಿದ ದನಿ ಕೇಳಿಸಿತು, ಆಮೇಲೆ ಧಪ್ ಎಂದು ಬಿದ್ದ ಸದ್ದು. ಅವಳು ಹೊರಗೆ ಓಡಿ ಬಂದು ನೋಡಿದರೆ ಮೆಟ್ಟಿಲ ತಿರುವಿನಲ್ಲಿ ಅವನು ಬಿದ್ದಿದ್ದಾನೆ, ತಲೆಯ ಕೆಳಗೆ ರಕ್ತ.

ಲತೇಶ ಮೀನು ತರಲು ಹೋಗಿದ್ದ. ನಾಗರತ್ನಾಗೆ ಬೇಕಾಗಿದ್ದ ಮಾತು ಅದೇ. ಅವಳ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

"ಇಷ್ಟು ಬಂದು ಹೇಳ್ರಿ ಅವ್ವಾರ. ಆ ಹುಡುಗ ಮನೀಗೆ ಬರ್ತಾನ. ಒಂದು ಹೆಣ್ಣುಮಗಳು ಅವನ ದಾರಿ ಕಾಯಾಕ ಹತ್ತ್ಯಾಳ. ನಿಮ್ಮ ಮಗ ಬೈದ್ರ ಬೈಲಿ, ನಾ ಬಾಜೂಕ ನಿಂದರ್ತೀನಿ."

"ಬೈಗುಳಕ್ಕೆ ನಾನು ಹೆದರುವವಳಲ್ಲ ಮಗಾ." ಚೆನ್ನು ಮಗುವನ್ನು ತಿರುಗಿಸಿ ಅಂಗಾತ ಮಲಗಿಸಿದಳು. "ಲತೇಶನ ಅಮ್ಮ ಅಲ್ಲಿ ಊರಿನಲ್ಲಿ ಹೇಗಿರಬಹುದು ಅಂತ ನನಗೆ ಗೊತ್ತಿಲ್ವಾ? ಆದ್ರೆ ಹೇಳುವುದಾದ್ರೆ ಪೂರ್ತಿ ಹೇಳ್ಬೇಕು. ಅರ್ಧ ಹೇಳ್ಲಿಕ್ಕೆ ನನಗೆ ಬರುವುದಿಲ್ಲ."

"ಪೂರ್ತಿ ಅಂದ್ರ?"

ಮುದುಕಿ ಬಾಗಿಲ ಕಡೆ ನೋಡಿದಳು. ಬಾಗಿಲು ಓರೆಯಾಗಿತ್ತು. ಹಜಾರದಿಂದ ಪಂಚಪ್ಪನ ಗೊರಕೆ ಸಣ್ಣಗೆ ಕೇಳುತ್ತಿತ್ತು. ಕಾವಲಿಗೆ ಕೂರಿಸಿದ ಗಂಡ ಏಸಿಯ ತಂಪಿಗೆ ಜೋಗುಳ ಹಾಡಿಸಿಕೊಂಡು ಮಲಗಿಬಿಟ್ಟಿದ್ದ.

ಚೆನ್ನು ದನಿಯನ್ನು ಇನ್ನೂ ತಗ್ಗಿಸಿದಳು. ಅವಳ ಫೋನು ಈ ಮನೆಯಲ್ಲೇ ಉಳಿದಿತ್ತು. ಸುಶಾಂತನ ಫೋನು ಅವನ ಪಕ್ಕದಲ್ಲೇ ಬಿದ್ದಿತ್ತು, ಲಾಕ್ ಆಗಿತ್ತು. ನೂರೆಂಟು ಒತ್ತಿದಳು, ಹೋಗಲಿಲ್ಲ. ಮತ್ತೆ ಒತ್ತಿದಳು, ಹೋಗಲಿಲ್ಲ. ಇಂಗ್ಲಿಷು ಬರದವಳು, ಗಾಬರಿಯಲ್ಲಿ ಪರದೆಯ ಮೇಲೆ ಕಂಡಕಂಡಲ್ಲಿ ಒತ್ತಿದಳು. ಏನೋ ತೆರೆಯಿತು, ಹುಡುಗನ ಹೆಸರು, ಏನೇನೋ ಬರಹ, ಕೊನೆಗೆ ಕನ್ನಡದಲ್ಲಿ ಎರಡೇ ಎರಡು ಅಕ್ಷರ ಕಾಣಿಸಿತು. ಭಾವ.

ಅಪಾಯವಾದರೆ ಯಾರಿಗೆ ಹೇಳಬೇಕು ಎಂದು ಫೋನಿನಲ್ಲಿ ಬರೆದಿಡುವ ಜಾಗ ಅದು. ಬೀಗ ತೆಗೆಯದೆಯೇ ಆ ಒಬ್ಬರಿಗೆ ಕರೆ ಹೋಗುತ್ತದೆ. ಕತಾರಿಗೆ ಬಂದ ಹೊಸತರಲ್ಲಿ ಹುಡುಗ ಬರೆದಿಟ್ಟ ಹೆಸರಿರಬೇಕು. ಭಾವ ಮನೆಯಿಂದ ಹೊರಗೆ ಹಾಕಿದ ಮೇಲೂ ಹುಡುಗ ಅದನ್ನು ಅಳಿಸಿರಲಿಲ್ಲ.

"ನನಗೆ ಎಷ್ಟು ಧೈರ್ಯ ಬಂತು ಗೊತ್ತುಂಟಾ?" ಎಂದಳು ಚೆನ್ನು. "ಅವ ಬೈತಾನೆ, ಆದ್ರೆ ಓಡಿ ಬರ್ತಾನೆ. ನನ್ನ ಮಗ ಅಲ್ವಾ. ಒತ್ತಿದೆ."

"ಆಮ್ಯಾಲೆ?"

"ಕೆಳಗೆ ಮಗು ಅತ್ತಿತು."

ನಾಗರತ್ನಾಗೆ ಅರ್ಥವಾಗಲಿಲ್ಲ. ಯಾವ ಮಗು ಎಂದು ಕೇಳಿದಳು.

"ಇದೇ ಮಗು." ಚೆನ್ನು ಕಾಲ ಮೇಲಿನ ಕೂಸಿನ ಎದೆಯ ಮೇಲೆ ಕೈಯಿಟ್ಟಳು. "ಇದು ಹುಟ್ಟಿದಾಗ ಮೊದಲು ಅತ್ತದ್ದನ್ನು ಅವ ರೆಕಾರ್ಡ್ ಮಾಡಿಕೊಂಡಿದ್ದಾನೆ. ಅದೇ ಅವನ ಫೋನಿನ ರಿಂಗು. ಆಫೀಸಿನಲ್ಲಿ ಎಲ್ಲ ನಗಾಡ್ತಾರಂತೆ, ಆದ್ರೂ ತೆಗೀಲಿಲ್ಲ. ಅಷ್ಟು ಪ್ರೀತಿ. ನಾನು ಇಲ್ಲಿ ಭಾವ ಅಂತ ಒತ್ತಿದ್ದೇ ತಡ, ಅಲ್ಲಿ ಕೆಳಗಿನ ಮೆಟ್ಟಿಲಿನಲ್ಲಿ ಮಗು ಅತ್ತಿತು. ಮತ್ತೆ ಅಳು ನಿಂತಿತು. ಯಾರೋ ಇಳಿದು ಓಡಿದ್ರು."

ಅವಳು ಮುಖ ನೋಡಲಿಲ್ಲವಂತೆ. ಕೈಗಂಬಿಯ ಮೇಲಿನಿಂದ ಬಗ್ಗಿದ್ದರೆ ಕಾಣುತ್ತಿತ್ತು. ಬಗ್ಗಲಿಲ್ಲ. ಅಂದಿನಿಂದ ಮಗನಿಗೆ ಊಟ ಬಡಿಸುತ್ತಿದ್ದಾಳೆ, ಅವನು ಏನೂ ಹೇಳುವುದಿಲ್ಲ, ಇವಳು ಏನೂ ಕೇಳುವುದಿಲ್ಲ. ಅವನು ಯಾಕೆ ಅಲ್ಲಿಗೆ ಹೋದ, ಅಮ್ಮನನ್ನು ಹಿಂಬಾಲಿಸಿದನೋ, ಹುಡುಗನ ಹತ್ತಿರ ರಾಜಿಯಾಗಲು ಹೋದನೋ, ಕೈ ಎತ್ತಿದನೋ, ಹಿಡಿಯಲು ಹೋಗಿ ತಪ್ಪಿತೋ, ದೇವರಿಗೇ ಗೊತ್ತು.

"ಒಬ್ಬ ಅಮ್ಮನ ಮಗನನ್ನು ಬಿಡಿಸ್ಲಿಕ್ಕೆ ನನ್ನ ಮಗನನ್ನು ಕೊಡ್ಬೇಕು," ಎಂದಳು. "ಇದರ ಅಪ್ಪನನ್ನು ಕೊಡ್ಬೇಕು. ಹೇಗೆ ಹೇಳಲಿ ಮಗಾ, ನೀನೇ ಹೇಳು."

ನಾಗರತ್ನಾ ಚೊಂಬು ಕೆಳಗಿಟ್ಟು ಅವಳ ಬೆನ್ನ ಮೇಲೆ ಕೈಯಿಟ್ಟು ಹಾಗೇ ಕುಕ್ಕರಗಾಲಲ್ಲಿ ಕೂತಳು.

ಹಜಾರದಲ್ಲಿ ಮಗು ಅತ್ತಿತು.

ಆಗಷ್ಟೇ ಹುಟ್ಟಿದ ಕೂಸಿನ ಅಳು, ಉಸಿರು ಸಾಲದೆ ಎಳೆದೆಳೆದು ಅಳುವಂಥದ್ದು. ಚೆನ್ನುವಿನ ಕಾಲ ಮೇಲಿನ ಮಗು ಮಾತ್ರ ಬೆರಳು ಚೀಪುತ್ತ, ಬಲ್ಬಿನ ಬೆಳಕು ನೋಡುತ್ತ ತೆಪ್ಪಗೆ ಮಲಗಿತ್ತು. ಇಬ್ಬರು ಹೆಂಗಸರೂ ಅದನ್ನೇ ನೋಡಿದರು.

ಹೊರಗೆ ಅಳು ನಿಂತು ಗಂಡುದನಿ ಕೇಳಿಸಿತು. ಪೃಥ್ವಿರಾಜ್ ಯಾವಾಗ ಬಾಗಿಲು ತೆರೆದು ಬಂದನೋ, ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ. ಪಂಚಪ್ಪನ ಗೊರಕೆ ಹಾಗೇ ಇತ್ತು.

"ಹೌದು, ಸುಶಾಂತನ ಭಾವ ನಾನೇ." ಆಸ್ಪತ್ರೆಯವರಿರಬೇಕು, ಏನೋ ಹೇಳಿದರು. "ಎಚ್ಚರ ಆಯ್ತಾ? ಏನಾದರೂ ಮಾತಾಡಿದನಾ?" ಆ ಕಡೆಯ ಉತ್ತರ ಕೇಳಿಸಿಕೊಂಡು ಹೇಳಿದ. "ಪೊಲೀಸರಿಗೆ ಈಗಲೇ ಹೇಳುವುದು ಬೇಡ. ಮೊದಲು ನಾನು ಅವನನ್ನು ನೋಡಬೇಕು. ಹೊರಟೆ."

ಕೀಲಿಯ ಸದ್ದಾಯಿತು, ಹೊರಬಾಗಿಲು ಮುಚ್ಚಿಕೊಂಡಿತು.

ಚೆನ್ನು ಒದ್ದೆ ಮಗುವನ್ನು ಎದೆಗೆ ಅವಚಿಕೊಂಡು ಗೋಡೆ ಹಿಡಿದು ಎದ್ದಳು.

"ಓಡು ಮಗಾ," ಎಂದಳು ನಾಗರತ್ನಾಗೆ. "ಅವ ಎಂತ ಮಾಡ್ಲಿಕ್ಕೆ ಹೋಗ್ತಾನೆ ಅಂತ ಹೆತ್ತವಳಿಗೇ ಗೊತ್ತಿಲ್ಲ. ಅವನಿಗಿಂತ ಮೊದಲು ನೀನು ಆಸ್ಪತ್ರೆ ಮುಟ್ಟಬೇಕು."